ಜೇಬಿನಲ್ಲಿಟ್ಟ ಕನ್ನಡಕ

ತುಲಾ ತಿಂಗಳ ಮಳೆ ಬರುವುದು ಮಧ್ಯಾಹ್ನ ಕಳೆದ ಮೇಲೆ. ಹಾಗಾಗಿ ಕೊಚ್ಚಿಯಿಂದ ಐದು ತಾಸು ದಕ್ಷಿಣಕ್ಕಿರುವ ಶ್ರೀಕಾರ್ಯಂನ ಸಂಶೋಧನಾ ತೋಟದಲ್ಲಿ ಬೆಳಿಗ್ಗೆ ಏಳಕ್ಕೇ ಮರಗೆಣಸು ಕೀಳುವ ಕೆಲಸ ಶುರುವಾಗಿತ್ತು. ತೋಟದ ಕೆಲಸದ ಜೋಸೆಫ್ ಚೇಟ್ಟನ್ ಗಿಡದ ಬುಡ ಹಿಡಿದು ಅಲುಗಿಸಿ ಎತ್ತುತ್ತಿದ್ದರೆ, ಅಪೇಕ್ಷಾ ಒಂದೊಂದು ತಳಿಯನ್ನೂ ಬೇರೆ ರಾಶಿ ಹಾಕಿ ತೂಗುತ್ತಿದ್ದಳು. ಕಾಸರಗೋಡಿನ ಮುಳ್ಳೇರಿಯದ ಹುಡುಗಿ. ಸಂಶೋಧನೆಗೆಂದು ಇಲ್ಲಿಗೆ ಬಂದು ಮೂರನೆಯ ವರ್ಷ.

ಆಗ ಗೇಟಿನ ಕಡೆಯಿಂದ ಒಂದು ಬೈಕು ಬಂತು. ದಾರಿಗೆ ಅಡ್ಡ ಕಟ್ಟಿದ ಹಗ್ಗವನ್ನು ಎಳೆದುಕೊಂಡೇ ನುಗ್ಗಿ, ಎರಡು ರಾಶಿಗಳ ನಡುವೆ ಉರುಳಿತು. ಏಳನೆಯ ತಳಿ, ಎಂಟನೆಯ ತಳಿ ಎಲ್ಲ ಒಂದೇ ಗುಡ್ಡೆ!

"ಅಯ್ಯೋ! ಒಂದು ವರ್ಷದ ಕೆಲಸ ಮಾರಾಯ್ರೆ! ಹಗ್ಗ ಕಾಣುದಿಲ್ವಾ ನಿಮಗೆ?"

ಬಿದ್ದವನು ಎದ್ದು ಹೆಲ್ಮೆಟ್ ಕಳಚಿದ. ಕನ್ನಡದ ಬೈಗುಳ ಕೇಳಿ ಅವನ ಮುಖ ಅರಳಿತ್ತು. ಅಂಗಿಯ ಜೇಬಿನಿಂದ ದಪ್ಪ ಗಾಜಿನ ಕನ್ನಡಕ ತೆಗೆದು ಹಾಕಿಕೊಂಡು, ಆಮೇಲೆ ಅವಳನ್ನು ನೋಡಿದ.

"ನೀವು ಕನ್ನಡದವರಾ? ನಾನು ಮಾಚಯ್ಯ, ಕೊಡಗು. ಮಣ್ಣಿನ ತೇವ ಅಳೆಯೋ ಯಂತ್ರ ರಿಪೇರಿಗೆ ಕೊಚ್ಚಿಯಿಂದ ಬಂದೆ."

"ಕನ್ನಡಕ ಜೇಬಿನಲ್ಲಿಟ್ಟು ಕೊಚ್ಚಿಯಿಂದ ಬಂದದ್ದಾ?"

"ಹೆಲ್ಮೆಟ್ ಒಳಗೆ ಇದು ಹೋಗಲ್ಲ ರೀ. ಹೋದರೂ ಕಿವಿಯ ಮೇಲೆ ಒತ್ತಿ ಒತ್ತಿ ತಲೆ ಸಿಡಿಯುತ್ತೆ. ಬಸ್ಸು, ಲಾರಿ ಎಲ್ಲ ಕಾಣ್ತವೆ ಬಿಡಿ..."

"ಮನುಷ್ಯರು?"

ಅವನು ಚದುರಿದ ಗೆಣಸು ಹೆಕ್ಕತೊಡಗಿದ. ಮಳೆ ಬಂದ ಮೇಲೂ ಶೆಡ್ಡಿನಡಿ, ಸಂಜೆಯವರೆಗೆ ಅವಳ ಎದುರು ಕುಕ್ಕರಗಾಲಲ್ಲಿ ಕೂತು, ಸಿಪ್ಪೆಯ ಬಣ್ಣ ನೋಡಿ ಗೆಣಸು ಬೇರ್ಪಡಿಸಿಕೊಟ್ಟ. ಹೊರಡುವಾಗ ಹೇಳಿದ: "ಇನ್ನು ಕನ್ನಡಕ ಹಾಕಿಯೇ ಓಡಿಸ್ತೀನಿ. ಮಾತು ಕೊಟ್ಟೆ."

ಆ ಮಾತನ್ನು ಅವಳು ನಂಬಿದಳು... ಬರಬರುತ್ತಾ ಅವನನ್ನೂ.

ವಾರ ಬಿಟ್ಟು ವಾರ ಶನಿವಾರ ಅವನು ಬರುತ್ತಿದ್ದ. ಗೇಟಿನಲ್ಲಿ ಇಳಿಯುವಾಗ ಮೂಗಿನ ಮೇಲೆ ಕನ್ನಡಕ ಇರುತ್ತಿತ್ತು. ಕಾಲುವೆ ಬದಿಯಲ್ಲಿ ನಡೆದು ಚಹಾ ಕುಡಿಯುವಷ್ಟರಲ್ಲಿ 'ನೀವು' ಹೋಗಿ 'ನೀನು' ಬಂತು. ಮನೆಯಲ್ಲಿ ಹೇಳುವ ಮಾತೂ ಬಂತು.

ಕುಂಭ ತಿಂಗಳ ಬಿಸಿಲು ಏರುವ ಹೊತ್ತಿಗೆ ಏನೋ ತಪ್ಪತೊಡಗಿತು.

ಮೊದಲು ಬೈಕು ಕಾಣೆಯಾಯಿತು. "ಸರ್ವಿಸ್‌ಗೆ ಕೊಟ್ಟಿದ್ದೀನಿ" ಎಂದು ತಂಪಾನೂರಿನ ನಿಲ್ದಾಣದಲ್ಲಿ ಬಸ್ಸಿಳಿದು ಬಂದ. ತಿಂಗಳು ಕಳೆದರೂ ಸರ್ವಿಸ್ ಮುಗಿಯಲಿಲ್ಲ! ಆಮೇಲೆ ಕಣ್ಣು ಕೆಂಪಾಗತೊಡಗಿತು. ಕೇಳಿದರೆ "ನಿದ್ದೆ ಇಲ್ಲ" ಎಂದ. ಕೊನೆಗೆ ಶನಿವಾರಗಳೇ ನಿಂತುಹೋದವು. "ಆಫೀಸಲ್ಲಿ ಕೆಲಸ."

ಶನಿವಾರದ ಬದಲು ಅವನು ಬಂದ ಒಂದು ಭಾನುವಾರ, ಚಹಾದಂಗಡಿಯ ಮೇಜಿನ ಮೇಲಿದ್ದ ಅವನ ಫೋನು ಬೆಳಗಿತು. 'ಫಾತಿಮಾ, ಫೋರ್ಟ್ ಕೊಚ್ಚಿ. ಶನಿವಾರ ಹನ್ನೊಂದಕ್ಕೆ ಬಾ, ತಪ್ಪಿಸಬೇಡ.'

ಅಪೇಕ್ಷಾ ಏನನ್ನೂ ಕೇಳಲಿಲ್ಲ. ಎಲೆ ಹಳದಿಯಾದ ಮಾತ್ರಕ್ಕೆ ರೋಗವೆಂದು ಬರೆಯಬಾರದು, ಬುಡ ಅಗೆದು ನೋಡಬೇಕು ಎಂಬುದು ಅವಳು ಕಲಿತ ಪಾಠ. ಆದರೆ ಮನಸ್ಸು ಗಿಡವಲ್ಲವಲ್ಲ! 'ಶನಿವಾರ ಆಫೀಸು ಅಂದವನಿಗೆ ಫೋರ್ಟ್ ಕೊಚ್ಚಿಯಲ್ಲಿ ಎಂತ ಕೆಲಸ? ಯಾರಿವಳು?'

ಮುಂದಿನ ಶನಿವಾರ ಬೆಳಗಿನ ರೈಲು ಹಿಡಿದಳು. ಎರ್ನಾಕುಳಂನಲ್ಲಿ ಇಳಿದು ದೋಣಿ ಹತ್ತಿದಳು. ನಿಜ ಹೇಳಿಯಾನೋ ಎಂದು ಫೋನು ಮಾಡಿ ಅವನಿಗೆ ಕೊನೆಯ ಅವಕಾಶ ಕೊಟ್ಟಳು: "ಎಲ್ಲಿದ್ದಿ?"

"ಆಫೀಸಲ್ಲೇ..." ಫೋನಿನಲ್ಲಿ ಅವನ ದನಿಯ ಹಿಂದೆಯೂ ದೋಣಿಯ ಸಿಳ್ಳೆ ಕೇಳಿಸುತ್ತಿತ್ತು.

ಜೆಟ್ಟಿಯ ಹತ್ತಿರ ಕನ್ನಡ ಬಲ್ಲ ಫಾತಿಮಾ ಎಲ್ಲಿ ಎಂದು ಕೇಳಿದ್ದೇ ತಡ, ಆಟೋದವನೊಬ್ಬ ಓಣಿ ತೋರಿಸಿದ. ಓಣಿಯ ಕೊನೆಗೆ ಕನ್ನಡಕದ ಒಂದು ಪುಟ್ಟ ಅಂಗಡಿ. ಗಾಜಿನಾಚೆ ಸ್ಟೂಲಿನ ಮೇಲೆ ಮಾಚಯ್ಯ ಕೂತಿದ್ದ. ಒಬ್ಬ ಹೆಂಗಸು ಅವನ ಗದ್ದ ಹಿಡಿದು ಮುಖದ ಮೇಲೆ ಬಾಗಿದ್ದಳು. ಅವನು ಅವಳ ಮಣಿಕಟ್ಟು ಹಿಡಿದುಕೊಂಡಿದ್ದ. ಕೆನ್ನೆಯ ಮೇಲೆ ಕಣ್ಣೀರು...

ಅಪೇಕ್ಷಾ ಬಾಗಿಲು ದೂಡಿದಳು. "ಮಾಚಯ್ಯ!"

ಅವನು ಬೆಚ್ಚಿ ಎದ್ದ. ಹೆಂಗಸು ಕಿರುಚಿದಳು: "ಯಾರೂ ಅಲುಗಾಡ್ಬೇಡಿ! ಲೆನ್ಸ್ ಬಿತ್ತು!"

ಒಂದು ಕಾಲು ಹೊಸ್ತಿಲ ಒಳಗೆ, ಇನ್ನೊಂದು ಹೊರಗೆ ಇಟ್ಟುಕೊಂಡೇ ಅಪೇಕ್ಷಾ ನಿಂತಳು. ಫಾತಿಮಾ ಮಂಡಿಯೂರಿ ನೆಲ ಸವರುತ್ತಾ ಗೊಣಗಿದಳು: "ನಾಲ್ಕನೇದು ಇದು! ಕೊಡಗಿನವ ಅಂತೆ, ಹೆದರಿಕೆಯೇ ಇಲ್ವಂತೆ! ಬೆರಳು ಕಣ್ಣ ಹತ್ರ ತಂದ್ರೆ ನನ್ನ ಕೈ ಮುರೀತಾನೆ. ನಾನು ಕಾಸರಗೋಡಿನ ಉಪ್ಪಳದವಳು ತಂಗೀ. ನೀನಾದ್ರೂ ಇವನಿಗೆ ಬುದ್ಧಿ ಹೇಳು."

"ಲೆನ್ಸಾ?" ಅಪೇಕ್ಷಾಳ ದನಿ ತಗ್ಗಲಿಲ್ಲ. "ಅದಕ್ಕೆ ಸುಳ್ಳು ಯಾಕೆ? ಕನ್ನಡಕ ಹಾಕಿ ಓಡಿಸ್ತಿದ್ದಿಯಲ್ಲ ನೀನು?"

ಮಾಚಯ್ಯ ತಲೆ ಎತ್ತಲಿಲ್ಲ. "ಇಲ್ಲ. ನಿಮ್ಮ ಗೇಟಿನ ಹತ್ರ ಬಂದು ಹಾಕ್ಕೊಳ್ತಿದ್ದೆ."

ಅವನು ಮತ್ತೆ ಸ್ಟೂಲಿನ ಮೇಲೆ ಕೂತು ಕಣ್ಣು ಒರೆಸಿಕೊಂಡ.

"ನಿನ್ನ ಹತ್ರ ಬರೋ ದಾರಿಯಲ್ಲಿ, ಅಂಬಲಪ್ಪುಳದ ಹತ್ರ ಒಂದಿನ... ಮೀನು ಮಾರುವ ಅಜ್ಜಿಗೆ ತಾಗಿಸಿಬಿಟ್ಟೆ. ಅವರು ಬಿದ್ರು. ಎದ್ದು ಕೂತಿದ್ದು ಕಂಡಿತು. ನಾನು... ನಿಲ್ಲಲಿಲ್ಲ ಅಪೇಕ್ಷಾ. ಓಡಿಬಿಟ್ಟೆ. ಅವತ್ತಿಂದ ಗಾಡಿ ಮುಟ್ಟಿಲ್ಲ. ನಿನಗೆ ಹೇಳಿದ್ರೆ ನೀನು ಹೋಗಿಬಿಡ್ತೀಯ ಅಂತ ಹೆದರಿದೆ."

'ಇವನಿಗೆ ಇನ್ನೊಬ್ಬಳಿದ್ದಿದ್ದರೆ ಅತ್ತು ಸುಮ್ಮನಾಗಬಹುದಿತ್ತು' ಎಂದುಕೊಂಡಳು ಅವಳು. 'ಇದನ್ನು ಎಂತ ಮಾಡುವುದು?'

"ಲೆನ್ಸ್ ಇವನಿಗೆ ಒಗ್ಗುದಿಲ್ಲ, ಗಾಳಿಗೆ ಕಣ್ಣು ಒಣಗಿ ಕೆಂಪಾಗ್ತದೆ ಅಂತ ಎರಡನೇ ವಾರವೇ ಹೇಳಿದೆ" ಎಂದಳು ಫಾತಿಮಾ. "ಈ ಕನ್ನಡಕದ ಫ್ರೇಮು ನೋಡು. ತೆಳ್ಳಗಿನ ನೇರ ಕಡ್ಡಿ, ಕಿವಿಯ ಹಿಂದೆ ಬಾಗುದಿಲ್ಲ. ಮೊದಲು ಹೆಲ್ಮೆಟ್ ಹಾಕ್ಬೇಕು, ಆಮೇಲೆ ಇದನ್ನು ಮುಂದಿನಿಂದ ಜಾರಿಸ್ಬೇಕು. ಅದೂ ಒತ್ತಿದ್ರೆ ಗದ್ದದ ಭಾಗ ಮೇಲೆತ್ತುವ ಹೆಲ್ಮೆಟ್ ಸಿಗ್ತದೆ."

ಸಂಜೆಯೊಳಗೆ ಫಾತಿಮಾ ಆ ಫ್ರೇಮಿಗೆ ಅವನ ಗಾಜು ಕೂರಿಸಿಕೊಟ್ಟಳು. ಅವನು ರೂಮಿನಿಂದ ತಂದ ಹೆಲ್ಮೆಟ್ಟಿನ ಒಳಗೆ ಕಡ್ಡಿ ಸಲೀಸಾಗಿ ಜಾರಿತು. ಮಾಚಯ್ಯ ತಲೆಯನ್ನು ಅತ್ತಿತ್ತ ತಿರುಗಿಸಿ ನೋಡಿ ಮಗುವಿನಂತೆ ನಕ್ಕ. ಅಪೇಕ್ಷಾ ನಗಲಿಲ್ಲ.

"ನಾಳೆ ಅಂಬಲಪ್ಪುಳಕ್ಕೆ ಹೋಗುವ" ಎಂದಷ್ಟೇ ಹೇಳಿದಳು. ಆ ರಾತ್ರಿ ಫಾತಿಮಾಳ ಮನೆಯಲ್ಲಿ ಉಳಿದಳು.

ಭಾನುವಾರ ಅವನು ಬೈಕಿನಲ್ಲಿ ಹೋದ. ಅವಳು ಹಿಂದೆ ಬಸ್ಸಿನಲ್ಲಿ ಹೋದಳು. ಅವನ ಹಿಂದೆ ಕೂರುವ ಮನಸ್ಸು ಇನ್ನೂ ಬಂದಿರಲಿಲ್ಲ.

ಹೆದ್ದಾರಿಯ ತಿರುವಿನಲ್ಲಿ ಕೊಡೆಯ ಕೆಳಗೆ ಮತ್ತಿ ಮೀನಿನ ಬುಟ್ಟಿ ಇಟ್ಟುಕೊಂಡು ಅಜ್ಜಿ ಕೂತಿದ್ದರು. ಹೆಸರು ಚಂದ್ರಮ್ಮ. ಮೊಣಕೈಯಲ್ಲಿ ಉದ್ದದ ಗಾಯದ ಗುರುತು. ಮಾಚಯ್ಯ ಹೆಲ್ಮೆಟ್ ಕಳಚಿ, ಕನ್ನಡಕ ಹಾಕಿಕೊಂಡು ಬೈಕಿನ ಬಳಿಯೇ ನಿಂತ. ಅಪೇಕ್ಷಾಳೇ ಮಲಯಾಳದಲ್ಲಿ ಕೇಳಿದಳು, "ಅಮ್ಮಚ್ಚೀ, ನಿಮಗೆ ಒಬ್ಬ ಬೈಕಿನವ ಗುದ್ದಿದನಂತಲ್ಲ?"

"ಹೂಂ ಮೋಳೇ! ಬುಟ್ಟಿಯೆಲ್ಲ ರಸ್ತೆಪಾಲು. ನನ್ನನ್ನು ತಿರುಗಿ ನೋಡಿದ, ಹೋಗಿಯೇಬಿಟ್ಟ. ಆ ಮುಖ ಮರೆಯುವವಳಲ್ಲ ನಾನು." ಅಜ್ಜಿ ಮಾಚಯ್ಯನನ್ನು ದಿಟ್ಟಿಸಿದರು. "ಈ ಹುಡುಗ ಅಲ್ಲ ಬಿಡು. ಅವನಿಗೆ ಕನ್ನಡಕ ಇರಲಿಲ್ಲ."

ತಪ್ಪಿಸಿಕೊಳ್ಳುವ ಬಾಗಿಲು ತಾನಾಗಿ ತೆರೆದಿತ್ತು. ಅಪೇಕ್ಷಾ ಅವನ ಕಡೆ ನೋಡಲಿಲ್ಲ, ಬುಟ್ಟಿಯ ಮೀನನ್ನೇ ನೋಡಿದಳು. 'ಈಗ ಹೇಳು... ಇಲ್ಲದಿದ್ದರೆ ಇಲ್ಲಿಂದಲೇ ನನಗೆ ಬಸ್ಸು...'

ಮಾಚಯ್ಯ ಕನ್ನಡಕ ತೆಗೆದ. ಮಂಡಿಯೂರಿ ಮುಖ ಮುಂದೊಡ್ಡಿದ. ಹರುಕು ಮಲಯಾಳದಲ್ಲಿ ಹೇಳಿದ, "ಈಗ ನೋಡಿ ಅಮ್ಮಚ್ಚೀ. ನಾನೇ."

ಅಜ್ಜಿ ನೋಡಿದರು. ಬಹಳ ಹೊತ್ತು ನೋಡಿದರು. ಮೀನಿನ ಕೈಯಲ್ಲೇ ಅವನ ತಲೆಗೆ ಒಂದು ಕೊಟ್ಟರು.

ಅವನು ಜೇಬಿಗೆ ಕೈ ಹಾಕಿದ. "ದುಡ್ಡು ನಿನ್ನ ಹತ್ತಿರವೇ ಇರಲಿ" ಎಂದರು ಅಜ್ಜಿ. "ಎಂಟು ದಿನ ಈ ಕೈ ಏಳಲಿಲ್ಲ ನನಗೆ. ಕೂರು ಇಲ್ಲಿ. ಬುಟ್ಟಿ ಖಾಲಿಯಾಗುವವರೆಗೆ ನೀನೇ ಮಾರು."

ಕಂಪನಿಯ ಅಂಗಿ ತೊಟ್ಟ ಮಾಚಯ್ಯ ರಸ್ತೆಬದಿಯಲ್ಲಿ ಕೂತು "ಮತ್ತೀ... ಮತ್ತೀ..." ಎಂದು ಕೂಗಿದ. ದನಿ ಸಾಲದೆಂದು ಅಜ್ಜಿ ಗದರಿದರು. ಎರಡು ತಾಸು ಬಿಸಿಲಿಗೆ ಬೆಂದ ಮೇಲೆ ಬುಟ್ಟಿಯ ತಳ ಕಂಡಿತು. ಚಂದ್ರಮ್ಮ ಬುಟ್ಟಿ ಕೊಡವಿ ತಲೆಯ ಮೇಲೆ ಮಗುಚಿಕೊಂಡರು.

"ತೀರಿತು. ಹೋಗು."

ಬೈಕಿನ ಹತ್ತಿರ ಇಬ್ಬರೂ ನಿಂತರು. ಅಪೇಕ್ಷಾ ತನ್ನ ದುಪಟ್ಟಾದ ತುದಿಯಿಂದ ಅವನ ಗಾಜಿಗೆ ಅಂಟಿದ್ದ ಮೀನಿನ ಹುರುಪೆ ಒರೆಸಿ, ಕನ್ನಡಕವನ್ನು ತಾನೇ ಹೆಲ್ಮೆಟ್ಟಿನೊಳಗೆ ಜಾರಿಸಿದಳು.

"ನಿನ್ನ ಬಸ್ಸು ಹೊರಡುತ್ತೆ..." ಎಂದ ಅವನು ಮೆಲ್ಲಗೆ.

"ಹೋಗ್ಲಿ."

ಅವಳು ಹಿಂದೆ ಹತ್ತಿ ಕೂತಳು. ಅವನು ಬೈಕಿನ ಕನ್ನಡಿಯಲ್ಲಿ ಅವಳ ಮುಖ ಹುಡುಕಿದ.

"ನನ್ನ ಮೇಲೆ ಸಂಶಯ ಹೋಯ್ತಾ?"

"ಇಲ್ಲ. ಸ್ವಲ್ಪ ಉಂಟು." ಅವಳು ಅವನ ಭುಜದ ಮೇಲೆ ಕೈಯಿಟ್ಟಳು. "ದಿನಾ ಹತ್ರದಿಂದಲೇ ನೋಡ್ತಾ ಇರ್ಬೇಕು ನಿನ್ನನ್ನು."

"ಎಷ್ಟು ದಿನ?"

"ಮೆಲ್ಲ ಬಿಡು ಮಾರಾಯ... ಬದುಕಿರುವಷ್ಟೂ ದಿನ."