ಕಂದು ರೇಡಿಯೋದ ಹಸಿರು ಮೂಲೆ

"ಅದನ್ನ ಹಾಗೆ ಎದೆಗೆ ಅವುಚಿಕೊಂಡು ಬರಬೇಡಿ!"

ಅವಳು ಬಾಗಿಲಲ್ಲೇ ನಿಂತುಬಿಟ್ಟಳು. ರೇಡಿಯೋ ರಿಪೇರಿ ಅಂಗಡಿಯೊಳಗೆ ಒಂದು ಕಾಲಿಟ್ಟಿದ್ದಳು ಅಷ್ಟೇ.

"ಯಾಕೆ? ಇದೇನು ಕಚ್ಚುತ್ತಾ?"

"ಕಚ್ಚಲ್ಲ. ಒಡೆಯುತ್ತೆ. ಅರವತ್ತು ವರ್ಷದ ಪ್ಲಾಸ್ಟಿಕ್ಕು. ಮೂಲೆ ಹಿಡಿದ್ರೆ ಮೂಲೆ ಕೈಗೇ ಬಂದುಬಿಡುತ್ತೆ. ಕೆಳಗಿನಿಂದ ಹಿಡೀರಿ... ಹಾಂ, ಮಗೂನ ಎತ್ತಿಕೊಳ್ಳೋ ಹಾಗೆ."

"ಮಗೂನ ಎದೆಗೇ ಅವುಚಿಕೊಳ್ಳೋದು!"

ಮೇಜಿನ ಹಿಂದಿದ್ದವನು ತನ್ನೆರಡು ಕೈಗಳನ್ನು ತೊಟ್ಟಿಲಿನ ಹಾಗೆ ಮಾಡಿ ತೋರಿಸಿದ.

ಅವಳಿಗೆ ನಗು ಬಂತು. ಆದರೆ ನಗಲಿಲ್ಲ. ಸೋದರತ್ತೆಯ ರೇಡಿಯೋ ಕೆಟ್ಟಿರುವಾಗ ನಗುವುದು ಹೇಗೆ?

"ಪ್ಲಗ್ ಹಾಕಿ ನೋಡಿದ್ರಾ?"

"ಹಾಕಿದೆ."

"ಹೊಗೆ ಬಂತಾ?"

"ಸ್ವಲ್ಪ..."

"ಸ್ವಲ್ಪ ಹೊಗೆ ಅಂತ ಇರಲ್ಲ ಮೇಡಂ. ಹೊಗೆ ಅಂದ್ರೆ ಹೊಗೆ."

ಎರಡು ಇಟ್ಟಿಗೆ ಜೋಡಿಸಿಟ್ಟಷ್ಟೇ ದೊಡ್ಡ ಪೆಟ್ಟಿಗೆ ಅದು. ಕಾಸಿದ ಸಕ್ಕರೆಯ ಕಂದು ಬಣ್ಣ. ಅವಳ ಸೋದರತ್ತೆ ನರ್ಸಾಗಿದ್ದ ಆಸ್ಪತ್ರೆಯ ವಾರ್ಡಿನ ಕಿಟಕಿಯಲ್ಲಿ ಇಪ್ಪತ್ತೆರಡು ವರ್ಷ ಬಿಸಿಲು ಕಾಯುತ್ತ ಹಾಡಿತ್ತು. ಆಸ್ಪತ್ರೆ ಮುಚ್ಚಿದಾಗ ಅತ್ತೆ ಬೇರೇನನ್ನೂ ಕೇಳದೆ ಅದೊಂದನ್ನು ಮನೆಗೆ ತಂದಿದ್ದರು. ಅಪ್ಪ ಅಮ್ಮ ಇಲ್ಲದ ಅವಳನ್ನು ಮನೆಗೆ ತಂದದ್ದೂ ಅದೇ ವರ್ಷ.

ಪೆಟ್ಟಿಗೆಯ ಎಡ ಮೂಲೆಯಲ್ಲಿ ಅಂಗೈಯಗಲ ಕರೀ ಅಂಟು. ಅಲ್ಲಿ ಹಿಂದೊಮ್ಮೆ 'ಮುಟ್ಟಬೇಡಿ' ಎಂಬ ಚೀಟಿ ಇತ್ತು. ಚೀಟಿ ಉದುರಿತ್ತು, ಅಂಟು ಹಠ ಹಿಡಿದು ಕೂತಿತ್ತು.

"ಬಿಟ್ಟುಹೋಗಿ. ಆದ್ರೆ ಬೇಗ ಕೇಳಬೇಡಿ" ಎಂದ ಅವನು.

ಅದು ಸುಳ್ಳಲ್ಲ. ಆ ಬೀದಿಯವರು ಅವನನ್ನು ಕರೆಯುತ್ತಿದ್ದುದೇ ನಿಧಾನಪ್ಪ ಎಂದು.

---

ಅವಳು ಬಣ್ಣದ ಅಂಗಡಿಯಲ್ಲಿ ಬಣ್ಣ ಕಲಸುವವಳು. ಗೋಡೆಯಿಂದ ಕೆರೆದ ಚೂರೊಂದನ್ನು ತಂದುಕೊಟ್ಟರೆ ಸಾಕು, ಮೆಷಿನ್ನಿನ ಹಂಗಿಲ್ಲದೆ ಅದೇ ಬಣ್ಣ ಕಲಸಿಕೊಡುತ್ತಿದ್ದಳು. ಅಂಗಡಿಯ ಮಾಲೀಕರು ಅವಳನ್ನು ಹದ್ದು ಎನ್ನುತ್ತಿದ್ದರು. ಆ ಹೆಸರು ಅವಳಿಗೆ ಒಳಗೊಳಗೇ ಇಷ್ಟ.

ಗುರುವಾರ ಅರ್ಧ ದಿನ ರಜೆ. ಮೂರು ತಿಂಗಳು, ಪ್ರತಿ ಗುರುವಾರವೂ ಅವಳ ಕಾಲು ನಿಧಾನಪ್ಪನ ಅಂಗಡಿಗೇ ಎಳೆಯಿತು.

ಅವನು ಒಂದೊಂದು ಸಣ್ಣ ಭಾಗವನ್ನೂ ಬಿಚ್ಚಿ, ಮೀಟರಿಗೆ ಹಿಡಿದು, ಚೀಟಿ ಬರೆದು ಕಟ್ಟುತ್ತಿದ್ದ.

"ಇದರ ಮೈಮೇಲೆ ಬಣ್ಣದ ಗೆರೆ ಇದೆಯಲ್ಲ? ಗೆರೆ ನೋಡಿದ್ರೆ ಅಳತೆ ಗೊತ್ತಾಗುತ್ತಂತೆ. ಮತ್ತೆ ಯಾಕೆ ಅಳೀತೀರಿ?"

"ಗೆರೆ ಸುಳ್ಳು ಹೇಳಬಹುದು. ಮೀಟರ್ ಹೇಳಲ್ಲ."

ಎಷ್ಟು ಶ್ರದ್ಧೆ ಈ ಮನುಷ್ಯನಿಗೆ! ಎಂದುಕೊಂಡಳು.

ರೇಡಿಯೋದ ಒಂದು ತಿರುಗುಗುಂಡಿ ಕಳೆದುಹೋಗಿತ್ತು. ಅವನು ಹೊಸದನ್ನು ಎರಕ ಹೊಯ್ದ. ಅವಳು ಕಂದು ಬಣ್ಣ ಕಲಸಿ ಬಳಿದಳು.

"ಸರಿಹೋಯ್ತಾ?"

"ನೀವು ಸರಿ ಅಂದ್ರೆ ಸರಿ."

ಅವಳ ಕೈಯಲ್ಲಿದ್ದ ಬ್ರಷ್ಷು ನಿಂತಿತು. ಎಂಟು ವರ್ಷದಿಂದ ಗಿರಾಕಿಗಳು ಅವಳ ಜೊತೆ ಬಣ್ಣಕ್ಕಾಗಿ ಜಗಳ ಆಡಿದ್ದಾರೆ. ಇನ್ನೂ ತೆಳು ಬೇಕಿತ್ತು, ಇದು ಮಂಕು, ಅದು ಗಾಢ... ನೀವು ಸರಿ ಅಂದ್ರೆ ಸರಿ ಎಂದವನು ಇವನೊಬ್ಬನೇ!

ಇನ್ನೊಂದು ಗುರುವಾರ ಅವಳು ಕೇಳಿದಳು: "ಹಳೇ ರೇಡಿಯೋಗೆ ಬೆಲೆ ಬರೋದು ಹೇಗೆ? ಎಲ್ಲ ಹಳೇದೇ ಅಲ್ವಾ?"

"ಹಳೇದಾದ ಮಾತ್ರಕ್ಕೆ ಬೆಲೆ ಬರಲ್ಲ. ಲಕ್ಷಗಟ್ಟಲೆ ಮಾಡಿ ಮಾರಿದ್ದಕ್ಕೆ ಯಾರು ದುಡ್ಡು ಕೊಡ್ತಾರೆ? ನಾಲ್ಕು ಮಾಡಿ, ಯಾರೂ ಕೊಳ್ಳದೆ, ಸಾಕಪ್ಪಾ ಅಂತ ನಿಲ್ಲಿಸಿರ್ತಾರಲ್ಲ... ಅಂಥದಕ್ಕೆ ಕೊಡ್ತಾರೆ."

"ಅಂದ್ರೆ ಯಾರಿಗೂ ಬೇಡವಾಗಿದ್ದು."

"ಆಗ ಬೇಡವಾಗಿದ್ದು."

"ನನಗೂ ಮೂವತ್ತನಾಲ್ಕಾಯ್ತು" ಎಂದಳು ಅವಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಅವನು ಬೆಸುಗೆ ಕಡ್ಡಿಯನ್ನು ಕೆಳಗಿಟ್ಟ. ಕಿವಿಯ ತುದಿ ಕೆಂಪಾಗಿತ್ತು.

ಎರಡು ವಾರದ ನಂತರ ಅವನೇ ಕೇಳಿದ: "ಮುಂದಿನ ವಾರ, ಭಾನುವಾರ, ನಿಮ್ಮತ್ತೆ ಹತ್ರ ಮಾತಾಡ್ಲಾ?"

"ರೇಡಿಯೋ ವಿಷಯಾನಾ?"

"ರೇಡಿಯೋ ವಿಷಯ ಆಮೇಲೆ."

ಅವನು ತಡವರಿಸುತ್ತಲೇ ಮುಂದುವರಿಸಿದ. ಊರಾಚೆಯ ದೊಡ್ಡ ಮನೆಯ ಯಜಮಾನರ ಬಳಿ ನೂರ ಅರವತ್ತು ಹಳೆಯ ರೇಡಿಯೋಗಳಿವೆ. ಅವನ್ನೆಲ್ಲ ಪ್ರದರ್ಶನಕ್ಕಿಡಲು ಹೊರಟಿದ್ದಾರೆ. ನೋಡಿಕೊಳ್ಳಲು ಒಬ್ಬ ಬೇಕು. ಮುಂದಿನ ಗುರುವಾರ ಅವನ ಕೆಲಸ ನೋಡಲು ಬರುತ್ತಾರೆ.

"ಅದು ಸಿಕ್ಕಿದ್ರೆ ನಿಮ್ಮತ್ತೆ ಮುಂದೆ ನಿಲ್ಲೋಕೆ ನನಗೂ ಒಂಚೂರು ಧೈರ್ಯ ಬರುತ್ತೆ."

---

ಆ ಗುರುವಾರ ಅವಳು ಬೇಗನೆ ಬಂದಳು. ರೇಡಿಯೋ ಬೀದಿ ಕಡೆಯ ಬೆಳಕಿಗೆ ಮುಖ ಮಾಡಿ ಕೂತಿತ್ತು.

ಅವಳ ಕಣ್ಣು ಎಡ ಮೂಲೆಗೆ ಹೋಯಿತು.

ಹಸಿರು!

ಅಂಟು ಇರಲಿಲ್ಲ. ಅಂಟಿದ್ದ ಜಾಗದಲ್ಲಿ ಕಂದು ಚರ್ಮ ಸುಲಿದು, ಒಳಗಿನಿಂದ ಬೇರೊಂದು ಪೆಟ್ಟಿಗೆ ಇಣುಕುತ್ತಿದ್ದಂತೆ ಅಂಗೈಯಗಲ ಹಸಿರು. ಒದ್ದೆ ಎಲೆಯ ಹಾಗೆ, ನಡುವೆ ಬಿಳಿ ಮೋಡದ ಎಳೆಗಳು.

"ಇದಕ್ಕೆ ಏನು ಮಾಡಿದ್ರಿ?"

ಅವನ ಮುಖದಲ್ಲಿ ಸಂತೋಷ ತುಳುಕುತ್ತಿತ್ತು. "ಅಂಟು ತೆಗೆದೆ! ಎರಡು ಗಂಟೆ ಉಜ್ಜಿದ್ದೀನಿ. ಗುರುತೇ ಇಲ್ಲ ನೋಡಿ."

"ಬಣ್ಣ?"

"ಬಣ್ಣಕ್ಕೇನಾಯ್ತು? ಇದ್ದ ಹಾಗೇ ಇದೆಯಲ್ಲ."

ಇದ್ದ ಹಾಗೇ ಇದೆಯಲ್ಲ! ನನ್ನ ಮುಖಕ್ಕೇ ಹೇಳುತ್ತಿದ್ದಾನಾ? ನನಗೆ?

ಒಳಕೋಣೆಯಿಂದ ಭೂತಗನ್ನಡಿ ಹಿಡಿದ ಹಿರಿಯರೊಬ್ಬರು ಹೊರಬಂದರು. ಅವರೇ ಆ ಯಜಮಾನರು. ರೇಡಿಯೋದತ್ತ ಬಾಗಿದವರು ಹಾಗೇ ನಿಂತರು.

"ಹಸಿರು... ಅಯ್ಯೋ, ಹಸಿರೇ! ಇದನ್ನ ಪುಸ್ತಕದಲ್ಲಿ ಬಿಟ್ಟು ಬೇರೆಲ್ಲೂ ನೋಡಿಲ್ಲ ಕಣಯ್ಯಾ, ಭಾರೀ ಬೆಲೆಯದ್ದು! ಬಿಸಿಲಿಗೆ ಮೇಲ್ಪದರ ಕಂದಾಗಿಬಿಡುತ್ತೆ, ಎಲ್ಲರೂ ಕಂದು ಅಂತಲೇ ಮಾರಿಬಿಟ್ರು. ನೀನು ಸದ್ದಿಲ್ದೆ ಮೂಲೆ ಉಜ್ಜಿ ಪರೀಕ್ಷೆ ಮಾಡಿದೀಯ! ಭಲೇ! ಯಾರದಿದು? ಅವರಿಗೆ ಗೊತ್ತಾ?"

ಅವನು ರೇಡಿಯೋ ನೋಡಿದ. ಯಜಮಾನರನ್ನು ನೋಡಿದ. ಅವಳನ್ನು ನೋಡಿದ.

"ನಂದು" ಎಂದಳು ಅವಳು. "ನಮ್ಮತ್ತೇದು. ಗೊತ್ತಿರಲಿಲ್ಲ. ಈಗ ಗೊತ್ತಾಯ್ತು."

"ಅದು ಹಾಗಲ್ಲ..." ಎಂದ ಅವನು.

"ಮತ್ತೆ ಹೇಗೆ? ಹೇಳಿ."

ಯಜಮಾನರು ಕಾಯುತ್ತ ನಿಂತಿದ್ದರು. ಅವನು ಮೇಜಿನ ಮೇಲಿನ ಚೀಟಿಗಳನ್ನು ನೋಡುತ್ತ ಸುಮ್ಮನಾದ.

ಆ ಮೌನ ಅವಳಿಗೆ ಸಾಕಾಗಿತ್ತು. ಮೂರು ತಿಂಗಳ ಗುರುವಾರಗಳೆಲ್ಲ ಈ ಅಂಗೈಯಗಲ ಜಾಗಕ್ಕಾಗಿಯೇ ನಡೆದವಾ? ರೇಡಿಯೋವನ್ನು ಎತ್ತಿಕೊಂಡಳು. ಎದೆಗೇ ಅವುಚಿಕೊಂಡಳು. ಒಡೆದರೆ ಒಡೆಯಲಿ!

"ಭಾನುವಾರ ಬರಬೇಡಿ."

---

ಅತ್ತೆ ಹಸಿರು ಮೂಲೆಯನ್ನು ಬೆರಳಿನಿಂದ ಒತ್ತಿ ನೋಡಿದರು, ರೋಗಿಯ ಹೊಟ್ಟೆ ಒತ್ತಿ ನೋಡುವ ಹಾಗೆ.

"ಇಪ್ಪತ್ತೆರಡು ವರ್ಷ ಇದರ ಪಕ್ಕದಲ್ಲೇ ಕೂತಿದ್ದೆನಲ್ಲೇ. ಹಸಿರು ಅಂತ ಗೊತ್ತೇ ಆಗ್ಲಿಲ್ಲ! ಎಷ್ಟು ಚೆನ್ನಾಗಿದೆ."

"ಮೋಸ ಅತ್ತೆ ಇದು. ಮೋಸ!"

"ಮೋಸ ಮಾಡೋನು ರೇಡಿಯೋನ ನಿನ್ನ ಕೈಗೆ ಕೊಟ್ಟು ಕಳಿಸ್ತಿದ್ನಾ?"

ಅವಳು ಹಸಿರು ಮೂಲೆಯನ್ನು ಗೋಡೆಯತ್ತ ತಿರುಗಿಸಿಟ್ಟಳು. ಅವಳೊಳಗೆ ಕೋಪವಿತ್ತು. ಅದರ ಕೆಳಗೆ, ಕೋಪಕ್ಕಿಂತ ನೋಯುವ ಇನ್ನೊಂದು.

ಭಾನುವಾರ ಬಂತು. ಗೇಟಿನ ಸದ್ದಾದಾಗಲೆಲ್ಲ ಅವಳ ಕುತ್ತಿಗೆ ತಿರುಗುತ್ತಿತ್ತು.

"ಬರಬೇಡ ಅಂದವಳು ಹೊಸ ಬಟ್ಟೆ ಹಾಕ್ಕೊಂಡು ಯಾಕೆ ಕೂತಿದೀಯ?" ಎಂದರು ಅತ್ತೆ.

"ಒಗೆದು ಹಾಕಿದ್ದೆಲ್ಲ ಒಣಗಿಲ್ಲ."

"ಹೌದೌದು. ಬಿಸಿಲೇ ಇಲ್ಲ ನೋಡು" ಎಂದು ಅತ್ತೆ ಕಿಟಕಿಯ ಬಿಸಿಲಿಗೆ ಕಣ್ಣು ಕಿರಿದು ಮಾಡಿದರು.

ಅವನು ಬರಲಿಲ್ಲ.

ಹೇಳಿದ ಮಾತನ್ನು ಹಾಗೇ ಕೇಳಿಬಿಟ್ಟನಲ್ಲ... ಬಾ ಎಂದಿದ್ದರೂ ಬರುತ್ತಿರಲಿಲ್ಲವೇನೋ. ಅವಳು ಸಂಜೆ ಆ ಬಟ್ಟೆಯನ್ನು ಮಡಿಸಿ ಕಪಾಟಿನ ತಳಕ್ಕೆ ತಳ್ಳಿದಳು.

---

ಸೋಮವಾರ ಬಣ್ಣದ ಅಂಗಡಿಯಲ್ಲಿ ಗಿರಾಕಿಯೊಬ್ಬ ಡಬ್ಬಿ ಕುಟ್ಟುತ್ತಿದ್ದ.

"ಮೊನ್ನೆ ಕೊಟ್ಟ ಬಿಳಿ ಇದಲ್ಲ!"

"ಅದೇ ಸಾರ್. ನಿಮ್ಮ ಗೋಡೆ ಇನ್ನೂ ಒಣಗಿಲ್ಲ."

"ನನಗೆ ಕಣ್ಣು ಕಾಣಲ್ವಾ?"

"ಸಾರ್, ಅವಳು ಹದ್ದು, ಸುಮ್ನೆ ವಾದ ಮಾಡಬೇಡಿ" ಎಂದು ಮಾಲೀಕರು ಅವನನ್ನು ಆಚೆ ಕರೆದೊಯ್ದರು. ಅವನು ಸರಿದ ಜಾಗದಲ್ಲಿ ನಿಧಾನಪ್ಪ ನಿಂತಿದ್ದ. ಗಡ್ಡ ಬೆಳೆದಿತ್ತು.

"ನನಗೊಂದು ಬಣ್ಣ ಬೇಕಿತ್ತು" ಎಂದ. "ನಿಮ್ಮ ರೇಡಿಯೋದ ಕಂದು."

ಅವಳು ಶೇಡ್ ಕಾರ್ಡಿನ ದಪ್ಪ ಪುಸ್ತಕವನ್ನು ಅವನತ್ತ ತಳ್ಳಿದಳು. "ನೀವೇ ಹುಡುಕಿಕೊಳ್ಳಿ."

ಅವನು ಪುಟ ತಿರುವಿದ. ನಿಧಾನವಾಗಿ. ಒಂದು ಕಡೆ ಬೆರಳಿಟ್ಟ. "ಇದು."

ಅವಳು ನೋಡಿದಳು. ಪಾಚಿ ಹಸಿರು.

"ತಮಾಷೆ ಮಾಡೋಕೆ ಬಂದ್ರಾ?"

"ಹಾಗಾದ್ರೆ ಇದಾ?"

ಇನ್ನೊಂದು ಹಸಿರು.

"ಇದು?"

ಈ ಬಾರಿ ಇಟ್ಟಿಗೆ ಕೆಂಪು. ಅವಳು ಪುಸ್ತಕ ಬಿಟ್ಟು ಅವನ ಮುಖ ನೋಡಿದಳು. ಅಲ್ಲಿ ತಮಾಷೆ ಇರಲಿಲ್ಲ.

"ಕಾಣಲ್ಲ ನನಗೆ" ಎಂದ ಅವನು. "ಹುಟ್ಟಿದಾಗಿಂದ. ಕಂದು, ಹಸಿರು, ಕೆಂಪು... ನಿಮಗೆ ಮೂರು ಬಣ್ಣ. ನನಗೆ ಎಲ್ಲ ಒಂದೇ ಕೆಸರು. ಗೆರೆ ಓದೋಕೆ ಬರಲ್ಲ, ಅದಕ್ಕೇ ಎಲ್ಲಾನೂ ಅಳೀತೀನಿ. ಆವತ್ತು ಅಂಟು ಹೋಗ್ತಾ ಇತ್ತು, ಉಜ್ಜುತ್ತಾ ಹೋದೆ. ಹೊಳಪು ಬಂತು. ನಿಮಗೆ ಖುಷಿ ಆಗುತ್ತೆ ಅಂದ್ಕೊಂಡೆ. ಹಸಿರು ಅಂತ ಯಜಮಾನರು ಕೂಗಿದಾಗಲೇ ನನಗೂ ಗೊತ್ತಾಗಿದ್ದು."

ಅವಳು ಪುಸ್ತಕವನ್ನು ತನ್ನತ್ತ ಎಳೆದುಕೊಂಡಳು.

"ಆಗಲೇ ಹೇಳಬಹುದಿತ್ತಲ್ಲ!"

"ಯಜಮಾನರು ನಿಂತಿದ್ರು..."

"ನಾನೂ ನಿಂತಿದ್ದೆ!"

ಅಂಗಡಿಯ ಆ ತುದಿಯಲ್ಲಿ ಮಾತು ನಿಂತಿತು. ಮಾಲೀಕರು ಗಿರಾಕಿಗೆ ಬ್ರಷ್ಷುಗಳನ್ನು ಅಗತ್ಯಕ್ಕಿಂತ ಜೋರಾಗಿ ವಿವರಿಸತೊಡಗಿದರು.

"ನಿಂತಿದ್ರಿ" ಎಂದ ಅವನು. "ತಪ್ಪಾಯ್ತು. ವೈರಿನ ಬಣ್ಣ ಗೊತ್ತಿಲ್ಲದವನ ಕೈಗೆ ಯಾರಾದ್ರೂ ರೇಡಿಯೋ ಕೊಡ್ತಾರಾ? ಹದಿನೈದು ವರ್ಷ ಮುಚ್ಚಿಟ್ಟಿದ್ದೆ. ಬಾಯಿಗೆ ಬರಲೇ ಇಲ್ಲ. ನೀವು ಕಳ್ಳ ಅಂದ್ಕೊಂಡು ಹೋದ್ರಿ, ಹೋಗೋಕೆ ಬಿಟ್ಟೆ."

"ನಿನ್ನೆ ಎಲ್ಲಿದ್ರಿ?"

"ಯಜಮಾನರ ಮನೇಲಿ. ನಾನೇ ಹೋಗಿ ಹೇಳಿದೆ. ಪರೀಕ್ಷೆ ಅಲ್ಲ ಸ್ವಾಮಿ, ನನಗೆ ಕಾಣಲ್ಲ ಅಂತ."

"ಏನಂದ್ರು?"

"ಒಳ್ಳೆ ಕಾಫಿ ಕೊಟ್ರು. ಆಮೇಲೆ, ನೂರ ಅರವತ್ತು ಸೆಟ್ಟು ನಿನ್ನ ಕೈಗೆ ಹೇಗಪ್ಪಾ ಕೊಡಲಿ ಅಂದ್ರು. ಕೆಲಸ ಇಲ್ಲ. ನಿಮ್ಮ ರೇಡಿಯೋಗೆ ಮಾತ್ರ ನಿಮ್ಮತ್ತೆ ಕೇಳಿದಷ್ಟು ಕೊಡ್ತಾರಂತೆ, ಪೂರ್ತಿ ಹಸಿರಾದ್ರೆ. ಅದನ್ನೂ ಹೇಳಬೇಕಿತ್ತು. ಹೇಳಿದೆ. ಬರ್ತೀನಿ."

ಅವನು ತಿರುಗಿದ.

ಹೋಗುತ್ತಿದ್ದಾನೆ... ಕೋಪವಿದೆ ನನಗೆ, ಇನ್ನೂ ಇದೆ. ಅವನು ಹೋದರೆ ಆ ಕೋಪವನ್ನು ಯಾರ ಮೇಲೆ ತೀರಿಸಿಕೊಳ್ಳಲಿ?

"ನಿಲ್ಲಿ!"

ನಿಂತ.

"ನಾನು ಬಳಿದ ಗುಂಡಿ ಸರಿಹೋಯ್ತಾ ಅಂದಾಗ, ನೀವು ಸರಿ ಅಂದ್ರೆ ಸರಿ ಅಂದ್ರಲ್ಲ. ಅದು ನಿಮಗೆ ಕಾಣದೇ ಇದ್ದಿದ್ದಕ್ಕಾ?"

ಸುಳ್ಳು ಹೇಳಲು ಅವನಿಗೆ ಸಮಯವಿತ್ತು.

"ಮೊದಲ ಸಲ, ಹೌದು" ಎಂದ. "ಆಮೇಲೆ, ನೀವು ನೋಡೋದನ್ನ ನೋಡ್ತಾ ಕೂರೋದು ಇಷ್ಟ ಆಗ್ತಿತ್ತು. ನೀವು ಒಂದು ಬಣ್ಣ ನೋಡುವಾಗ ಉಸಿರು ಹಿಡೀತೀರಿ. ಅದು ನನಗೆ ಕಾಣುತ್ತೆ."

ಅವಳ ಕಣ್ಣು ತುಂಬಿ ಬಂತು. ಶೇಡ್ ಕಾರ್ಡಿನ ಹಸಿರು, ಕಂದು ಎಲ್ಲ ಕಲಸಿಹೋಯಿತು.

"ನನ್ನ ಕೋಪ ಹೋಗಿಲ್ಲ" ಎಂದಳು.

"ಬೇಗ ಹೋಗಲಿ ಅಂತ ಕೇಳಲ್ಲ."

"ಅತ್ತೆ ಆಗಲೇ ಹೇಳಿದ್ದಾರೆ, ಅದನ್ನ ಮಾರಲ್ಲವಂತೆ. ಪೂರ್ತಿ ಹಸಿರಾಗಿ ನೋಡಬೇಕಂತೆ. ಉಜ್ಜೋಕೆ ಗುರುವಾರ ಮನೆಗೆ ಬನ್ನಿ."

ಅವನು ತನ್ನ ಕೈಗಳನ್ನು ನೋಡಿಕೊಂಡ. "ನಾನು ಹೇಗೆ ಉಜ್ಜಲಿ? ಕಂದು ಎಲ್ಲಿ ಮುಗೀತು, ಎಲ್ಲಿ ನಿಲ್ಲಿಸ್ಬೇಕು, ಒಂದೂ ಗೊತ್ತಾಗಲ್ಲ. ಹೆಚ್ಚಾದ್ರೆ ಪೆಟ್ಟಿಗೇನೇ ಹೋಗುತ್ತೆ."

"ಪಕ್ಕದಲ್ಲಿ ನಾನು ಕೂತಿರ್ತೀನಿ. ಸಾಕು ಅಂದಾಗ ನಿಲ್ಲಿಸಿ."

"ಯಾವಾಗ ಸಾಕು ಅಂತೀರಿ?"

ಅವಳು ಕೆನ್ನೆ ಒರೆಸಿಕೊಂಡಳು. ಬೆರಳಿನ ಬಣ್ಣ ಕೆನ್ನೆಗೆ ಹತ್ತಿತು. ಯಾವ ಬಣ್ಣವೆಂದು ಅವನಿಗೆ ತಿಳಿಯಲಿಲ್ಲ, ಅವಳು ಹೇಳಲೂ ಇಲ್ಲ.

"ಅಷ್ಟು ಬೇಗ ಅನ್ನಲ್ಲ" ಎಂದಳು.