ಸೀರೆಯ ತುಂಡಿನಲ್ಲಿ ಲಕ್ಷ್ಮಣಫಲ

ನಾನು ಕಣ್ಣಿಟ್ಟು ನೋಡಿದರೆ ಸಾಕು, ಎಂಥ ಕಾಯಿಯೂ ಹಣ್ಣಾಗುತ್ತದೆ. ಒಮ್ಮೆ ಸಾವಳಗಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹಸಿರು ಬಾಳೆಗೊನೆಗಳ ಲಾರಿಯೊಂದನ್ನು ದಿಟ್ಟಿಸಿದೆ. ತೇರದಾಳ ಮುಟ್ಟುವುದರೊಳಗೆ ಲಾರಿಗೆ ಲಾರಿಯೇ ಹಳದಿಯಾಗಿ, ಜೇನುನೊಣಗಳು ಬೆನ್ನಟ್ಟಿ, ಡ್ರೈವರ್ ಗಾಡಿ ಬಿಟ್ಟು ಓಡಿದ. ನಂಬದವರು ಆ ಲಾರಿಯನ್ನೇ ಕೇಳಬಹುದು.

ಈ ಮಾತನ್ನು ಸಂಧ್ಯಾಳಿಗೆ ಹೇಳಿದೆ. ಅವಳು ಬನಹಟ್ಟಿಯ ಸೀರೆ ಅಂಗಡಿಯಲ್ಲಿ ಲೆಕ್ಕ ಬರೆಯುವವಳು. ಕ್ಯಾಲ್ಕುಲೇಟರಿನಿಂದ ತಲೆ ಎತ್ತದೆ ಕೇಳಿದಳು, "ಲಕ್ಷ್ಮಣಫಲ ನೋಡೀರೇನ್ರಿ, ದುರಗೇಶ?"

ನಾನು ಕರೆಂಟ್ ಮೀಟರ್ ಓದುವವನು. ಆ ಅಂಗಡಿಯ ಮೀಟರನ್ನು ತಿಂಗಳಿಗೊಮ್ಮೆ ಓದಿದರೆ ಸಾಕಿತ್ತು, ವಾರವಾರವೂ ಓದುತ್ತಿದ್ದೆ. ಲಕ್ಷ್ಮಣಫಲದ ಹೆಸರನ್ನು ಕೇಳಿದ್ದು ಅದೇ ಮೊದಲು.

"ನೋಡೋದೇನ್ ಬಂತ್ರಿ? ಅನಗವಾಡಿಯೊಳಗ ಹೊಳಿ ದಂಡಿಮ್ಯಾಲೆ ನಮ್ಮ ತೋಟ ಐತಿ. ಬರೇ ಅದೇ ಗಿಡ. ನಡದರ ತಲಿಗೆ ಬಡೀತಾವು."

ಆಗ ತಲೆ ಎತ್ತಿದಳು. ಕಣ್ಣಂಚಿಗೆ ಬಂದಿದ್ದ ನಗುವನ್ನು ತುಟಿ ಅಲ್ಲೇ ತಡೆದು ನಿಲ್ಲಿಸಿತ್ತು. "ಹಂಗಾರ ಒಂದು ತರ್ರಿ. ನಿಮ್ಮ ಮಾತಿನಾಗ ಒಂದರೆ ಖರೆ ಐತೇನು ನೋಡೂಣು."

ಮೊಬೈಲಿನಲ್ಲಿ ಅದರ ಫೋಟೊ ಹುಡುಕಿದೆ. ಹಸಿರು ಸಿಪ್ಪೆ, ಮೈತುಂಬ ಮೆತ್ತನೆಯ ಮುಳ್ಳು, ಹೃದಯದ ಆಕಾರ. ಜಮಖಂಡಿ ಮಾರ್ಕೆಟ್ ಜಾಲಾಡಿದೆ. ಮುಧೋಳದ ಹಣ್ಣಿನವನಂತೂ, "ತಮ್ಮ ಇಲ್ಲರಿ, ಅಣ್ಣ ರಾಮಫಲ ಅದಾನ, ಒಯ್ಯರಿ" ಎಂದ.

ಆ ತಿಂಗಳು ನನಗೆ ರಬಕವಿಯ ಹೊಸ ಓಣಿ ಕೊಟ್ಟರು. ನೀಲಿ ಗೇಟಿನ ಮನೆಯೊಂದರ ಹಿತ್ತಲಲ್ಲಿ ಅದೇ ಗಿಡ. ಹಳೆ ಸೀರೆಯ ತುಂಡಿನಲ್ಲಿ, ತೊಟ್ಟಿಲಲ್ಲಿ ಕೂಸು ಮಲಗಿದಂತೆ, ಒಂದೇ ಒಂದು ಹಣ್ಣು. ಮುಳ್ಳುಗಳು ಬಟ್ಟೆಯಿಂದ ಇಣುಕುತ್ತಿದ್ದವು.

"ಬಿಸಲಾಗ ಬಂದಿ ತಮ್ಮಾ, ಮಜ್ಜಿಗಿ ತರತೇನಿ, ನಿಂದರು" ಎಂದು ಮನೆಯ ಮುದುಕಿ ಒಳಗೆ ಹೋದಳು.

ಗಂಟು ಬಿಚ್ಚಿದೆ, ಹಣ್ಣು ಹರಿದೆ, ಚೀಲದಲ್ಲಿಟ್ಟೆ. ಬಟ್ಟೆ ಜೋತುಬೀಳಬಾರದೆಂದು ನನ್ನ ಬಿಲ್ ಮಷಿನ್ನಿನ ಕಾಗದದ ಸುರುಳಿಗಳನ್ನು ಅದರೊಳಗೆ ತುರುಕಿ ಮತ್ತೆ ಗಂಟು ಹಾಕಿದೆ. ಆಮೇಲೆ ಅವಳು ತಂದ ಮಜ್ಜಿಗೆ ಕುಡಿದೆ. ಜೀರಿಗೆ ಹಾಕಿದ ತಂಪು ಮಜ್ಜಿಗೆ. ಲೋಟವನ್ನು ನಾನೇ ತೊಳೆದಿಟ್ಟೆ.

ಸಂಜೆ ಸಂಧ್ಯಾ ಆ ಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಮೂಸಿದಳು. "ನಾ ನಿಮ್ಮನ್ನ ಸುಳ್ಳಬುರುಕ ಅಂತ ತಿಳಿದಿದ್ದೆ. ನಂದ ತಪ್ಪಾತು ನೋಡ್ರಿ" ಎಂದಳು.

ಬೈದಿದ್ದರೆ ಹಗುರಾಗುತ್ತಿದ್ದೆ. ಕ್ಷಮೆ ಕೇಳಿದಳು.

"ನಮ್ಮ ಅಪ್ಪನ ಅಕ್ಕ ಸಾತವ್ವ ಅತ್ತಿ ಹಿತ್ತಲದಾಗೂ ಒಂದು ಗಿಡ ಐತ್ರಿ. ಪ್ರತಿ ವರ್ಷ ಹೂ ಬಿಟ್ಟು ಉದುರತಿದ್ದವು. ಈ ಸಲ ನಾನೇ ಬ್ರಷ್ ತೊಗೊಂಡು, ಅರಳಿದ ಹೂವಿನ ಪುಡಿ ಅರ್ಧ ತೆರೆದ ಹೂವಿಗೆ ಹಚ್ಚಿದೆ. ಒಂದೇ ಒಂದು ಹಿಡೀತು. ಹಕ್ಕಿ ಕುಕ್ಕಬಾರದಂತ ನನ್ನ ಹಳೇ ಸೀರಿ ಹರದು ಕಟ್ಟೇವಿ."

"ಎಲ್ಲಿ?"

"ರಬಕವಿಯೊಳಗ. ನೀಲಿ ಗೇಟು."

ಇನ್ನೊಂದು ಮೀಟರ್ ಓದುವುದಿದೆ ಎಂದು ಬಾಗಿಲತ್ತ ಸರಿದೆ. ಅವಳು ಆಗಲೇ ಡ್ರಾವರಿಗೆ ಕೀಲಿ ಹಾಕಿದ್ದಳು. "ನಡೀರಿ, ಇದನ್ನ ಸಾತವ್ವ ಅತ್ತಿಗೆ ನಿಮ್ಮ ಕೈಯಾರೆ ಕೊಡ್ರಿ."

ಬೈಕಿನಲ್ಲಿ ಹಿಂದೆ ಕೂತು ನನ್ನ ಹೆಗಲ ಮೇಲೆ ಕೈಯಿಟ್ಟಳು. ಇದಕ್ಕಾಗಿ ಎಷ್ಟು ಕಾದಿದ್ದೆ. ಆದರೆ ನಮ್ಮಿಬ್ಬರ ನಡುವೆ ಆ ಹಣ್ಣಿತ್ತು. ದಾರಿಯುದ್ದಕ್ಕೂ ಅದರ ಮೆತ್ತನೆಯ ಮುಳ್ಳೂ ನನ್ನ ಬೆನ್ನಿಗೆ ಚುಚ್ಚುತ್ತಲೇ ಇತ್ತು.

"ಇವ ಮಜ್ಜಿಗಿ ಕುಡದ ಹುಡುಗ ಅಲ್ಲೇನ" ಎಂದು ಸಾತವ್ವ ನಕ್ಕಳು.

"ಎರಡೂ ಕೂಡಿಸಿ ನೋಡೂಣು ಅತ್ತಿ" ಎಂದು ಸಂಧ್ಯಾ ಗಿಡಕ್ಕೆ ಕಟ್ಟಿದ್ದ ಸೀರೆ ತುಂಡಿನ ಗಂಟು ಬಿಚ್ಚಿದಳು.

ಸುರುಳಿಗಳು ಉದುರಿದವು. ಒಂದು ಬಿಚ್ಚಿಕೊಳ್ಳುತ್ತ ಉರುಳಿ ಬಂದು ನನ್ನ ಕಾಲಿಗೇ ತಾಗಿತು.

ಅವಳು ಸುರುಳಿ ನೋಡಿದಳು, ನನ್ನ ಚೀಲ ನೋಡಿದಳು. ಕಣ್ಣಂಚಿನ ನಗು ಆರಿತು.

"ಅನಗವಾಡಿ ತೋಟ?"

"ಇಲ್ಲರಿ. ಅಲ್ಲಿ ನಮ್ಮ ಸೋದರಮಾವನ ಕಬ್ಬು ಐತಿ." ತಲೆ ಎತ್ತಲಾಗಲಿಲ್ಲ. "ಅವ್ವಾರು ಮಜ್ಜಿಗಿ ತರಾಕ ಹೋದಾಗ ಹರದೆ. ನಿಮ್ಮ ಮುಂದ ಸಣ್ಣಾವ ಆಗಬಾರದಂತ... ನೀವಂದ್ರ ನನಗ ಜೀವರಿ."

"ಇದೂ ಸುಳ್ಳೇನು?"

"ಇದೊಂದು ಅಲ್ಲ."

ಸಾತವ್ವ ಹಣ್ಣನ್ನು ಒತ್ತಿ ನೋಡಿದಳು. "ಇನ್ನ ಎಳೀದು. ಬಾಯಿಬಿಟ್ಟು ಕೇಳಿದ್ರ, ಹಣ್ಣಾದ ಮ್ಯಾಲೆ ಕರದು ಕೊಡತಿದ್ದೆ ತಮ್ಮಾ" ಎಂದಳು. ಅದಕ್ಕಿಂತ ದೊಡ್ಡ ಏಟು ನನಗೆ ಯಾರೂ ಕೊಟ್ಟಿಲ್ಲ.

ಹಣ್ಣಾಗಲೆಂದು ಸಂಧ್ಯಾ ಅದನ್ನು ಗೋಧಿಯ ಡಬ್ಬಿಯಲ್ಲಿ ಹುಗಿದಳು. ನನ್ನತ್ತ ತಿರುಗದೆ ಹೇಳಿದಳು, "ಕಣ್ಣಿಟ್ಟು ನೋಡಿದರ ಹಣ್ಣಾಗತಾವಲ್ಲ ನಿಮಗ? ದಿನಾ ಬಂದು ನೋಡ್ರಿ."

ದಿನಾ ಹೋದೆ. ಡಬ್ಬಿಯ ಮುಂದೆ ಕೂತು ದಿಟ್ಟಿಸಿದೆ. ಸಾತವ್ವ ದಿನಾ ಮಜ್ಜಿಗೆ ಕೊಟ್ಟಳು, ಸಂಧ್ಯಾ ದಿನಾ ಡಬ್ಬಿ ತೆರೆದು ತೋರಿಸಿ ಮತ್ತೆ ಮುಚ್ಚಿದಳು. ಕಾಯಿ ಮೆತ್ತಗಾಗಲಿಲ್ಲ. ಕಪ್ಪಾಗಿ ಮುದುಡಿತು. ಕೊನೆಗೆ ನಾನೇ ಅದನ್ನು ಗಿಡದ ಬುಡದಲ್ಲಿ ಹುಗಿದೆ.

ಮಣ್ಣು ಕೊಡವಿಕೊಂಡು ಎದ್ದಾಗ ಸಂಧ್ಯಾ ಎದುರಿಗೆ ನಿಂತಿದ್ದಳು. ನನ್ನ ಕೈಗೆ ಬ್ರಷ್ ಕೊಟ್ಟಳು.

"ಆ ಟೊಂಗಿಗೆ ಒಂದು ಹೂವು ಅರ್ಧ ತೆರದೈತಿ. ಹಗೂರ ಪುಡಿ ಹಚ್ಚರಿ."

ನಾನು ಬ್ರಷ್ಷನ್ನು ಹೊರಗಿನ ಎಸಳಿಗೇ ಸವರಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

"ಹಿಡೀತೈತೇನ್ರಿ ಇದು?"

ಬೇರೆ ದಿನವಾಗಿದ್ದರೆ ಬೀಳಗಿಯ ತನಕ ಹಣ್ಣು ತೂಗುತ್ತವೆ ಎಂದುಬಿಡುತ್ತಿದ್ದೆ. "ಗೊತ್ತಿಲ್ಲರಿ" ಎಂದೆ.

"ಮತ್ತ ಆ ಬಾಳಿಹಣ್ಣಿನ ಲಾರಿ?"

"ಸಾವಳಗಿಯೊಳಗ ಇದ್ದಾಗಲೇ ಹಣ್ಣಾಗಿದ್ದವು. ಡ್ರೈವರ್ ಚಹಾ ಕುಡಿಯಾಕ ಇಳದಿದ್ದ."

ಅವಳು ನಗುವನ್ನು ತಡೆಯಲಿಲ್ಲ. ಮಣಿಕಟ್ಟನ್ನೂ ಬಿಡಲಿಲ್ಲ.