ನಡುಗುವ ಕೈಗೆ ತೆಳು ಪಿಂಗಾಣಿ

ಹೂಜಿ ಸೋರುತ್ತದೆ ಎಂದು ಜಗಳಕ್ಕೆ ಬಂದವನು ಅವನು. ಚೀಲವನ್ನು ಹಾಗೇ ಕೌಂಟರ್ ಮೇಲೆ ಇಳಿಸಿ, ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಸೇರಿಸಿಬಿಟ್ಟ. ಎದುರಿನ ಶಾಲೆಯಲ್ಲಿ ಭೂಗೋಳದ ಮೇಷ್ಟ್ರು ಎಂದು ತಾನೇ ಹೇಳಿಕೊಂಡ. ಆ ನಿಲುವು ನೋಡಿಯೇ ನನಗೆ ಮೈ ಉರಿಯಿತು.

ಮಣ್ಣಿನ ಮತ್ತು ಪಿಂಗಾಣಿ ಪಾತ್ರೆಗಳ ಅಂಗಡಿ ನನ್ನದು. ಅದು ಸೋರುವುದಲ್ಲ, ಬೆವರುವುದು ಎಂದು ವಿವರಿಸಿದೆ. ಹೊಳಪು ಕೊಡದ ಮಣ್ಣಿಗೆ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ನೀರು ತಣ್ಣಗಾಗುವುದೇ ಅದರಿಂದ. ಏನು ಹಾಕಿ ತೊಳೆದಿರಿ ಎಂದರೆ ಸೋಪು ಎಂದ. ಮಣ್ಣು ಸೋಪನ್ನೂ ಕುಡಿಯುತ್ತದೆ ಎಂದೆ.

"ಅದಕ್ಕೇ ನೀರು ನಿಂಬೆ ವಾಸನೆ ಬರ್ತಿತ್ತಾ? ನಿಮ್ಮ ಹೂಜಿದೇ ಸ್ಪೆಷಲ್ ಅಂದ್ಕೊಂಡೆ."

ನಗು ಬಂತು, ತೋರಿಸಲಿಲ್ಲ. ಸಮಾಧಾನಕ್ಕೆಂದು ಟೀ ಕೊಟ್ಟರೆ ಮುಟ್ಟಲೇ ಇಲ್ಲ. ಎಂಥ ಕೊಬ್ಬು ಅಂದುಕೊಂಡೆ.

ಮರುವಾರ ತಟ್ಟೆ ಕೇಳಿಕೊಂಡು ಬಂದ. ಆಮೇಲೆ ಬಟ್ಟಲು. ಒಂಟಿ ಮನುಷ್ಯನಿಗೆ ಎಷ್ಟು ಬಟ್ಟಲು ಬೇಕು? ಗಟ್ಟಿಯಾಗಿ ಸುಟ್ಟ ಸ್ಟೋನ್‌ವೇರ್ ಪಾತ್ರೆ ಓವನ್ನಿನ ಬಿಸಿ ತಾಳುತ್ತದೆ, ಆದರೆ ಫ್ರಿಜ್ಜಿನಿಂದ ತೆಗೆದು ನೇರ ಒಳಗಿಡಬಾರದು. ಚಿನ್ನದ ಅಂಚಿನದನ್ನು ಮೈಕ್ರೋವೇವ್‌ಗೆ ಇಟ್ಟರೆ ಕಿಡಿ ಹಾರುತ್ತದೆ ಎಂದೆಲ್ಲ ನಾನು ಹೇಳುತ್ತಿದ್ದರೆ ಅವನ ಕಣ್ಣು ನನ್ನ ಕಿವಿಯೋಲೆಯ ಮೇಲಿರುತ್ತಿತ್ತು. ಸಿಕ್ಕಿಬಿದ್ದರೆ ಗೋಡೆ ಗಡಿಯಾರ ನೋಡುತ್ತಿದ್ದ. ನಾನೂ ಬೇಕೆಂದೇ ದಿನಕ್ಕೊಂದು ಓಲೆ ಹಾಕತೊಡಗಿದೆ.

ಒಂದು ಮಧ್ಯಾಹ್ನ ಅವನೇ ಧೈರ್ಯ ಮಾಡಿ ಕೈಗಳನ್ನು ಹೊರತೆಗೆದು ತೋರಿಸಿದ. ನಡುಗುತ್ತಿದ್ದವು. ಅವನ ತಂದೆಗೂ ಹೀಗೇ ಇತ್ತಂತೆ. ಪ್ರಾಣಕ್ಕೆ ಅಪಾಯವಿಲ್ಲ, ಆದರೆ ವಯಸ್ಸಾದಂತೆ ಹೆಚ್ಚುತ್ತದೆ, ಏನಾದರೂ ಎತ್ತಿದರಂತೂ ಇನ್ನೂ ಜೋರು. ಅಂದು ಟೀ ಮುಟ್ಟದಿದ್ದುದು ಇದಕ್ಕೇ. ಅವನ ಧೈರ್ಯ ನೋಡಿ ನನಗೂ ಧೈರ್ಯ ಬಂತು, ಮದುವೆಯಾಗೋಣವೇ ಎಂದು ನಾನೇ ಕೇಳಿದೆ. ನಿಮ್ಮ ಮನೆಯವರು ಒಪ್ಪಿದರೆ ಎಂದ. ಒಪ್ಪದಿದ್ದರೆ ಎಂದು ಕೇಳಿದ್ದಕ್ಕೆ ಕೈಗಳನ್ನು ಮತ್ತೆ ಜೇಬಿಗೆ ಸೇರಿಸಿದ. ಅದು ನನಗೆ ಹಿಡಿಸಲಿಲ್ಲ.

ಕೈ ನಡುಕದ ವಿಷಯ ಮನೆಯಲ್ಲಿ ಮೊದಲೇ ಹೇಳಿ, ಭಾನುವಾರ ಅವನನ್ನು ಕರೆದೆ. ಅಣ್ಣ ಮೂಗು ಮುರಿದುಕೊಂಡೇ ಕೂತಿದ್ದ. ಅತ್ತಿಗೆ ನಮಗೆಲ್ಲ ಪಿಂಗಾಣಿ ಕಪ್ ಇಟ್ಟು, ಅವನ ಮುಂದೆ ಮಾತ್ರ ಸ್ಟೀಲ್ ಲೋಟ ಇಟ್ಟಳು. ಅದಕ್ಕೂ ಅವನು ತಲೆ ತಗ್ಗಿಸಿ ಥ್ಯಾಂಕ್ಸ್ ಹೇಳಿದ. ನನ್ನಿಂದ ತಡೆಯಲಾಗಲಿಲ್ಲ. ಲೋಟವನ್ನು ಆಚೆ ಸರಿಸಿ, ಬೆಳಕು ಹಾಯುವಷ್ಟು ತೆಳ್ಳಗಿನ ಕಪ್ಪೊಂದನ್ನು ಶೋಕೇಸಿನಿಂದ ತಂದು ಟೀ ಸುರಿದೆ.

ಅವನು ಎತ್ತಿದ. ಒಂದು ಗುಟುಕು ಒಳಗೂ ಹೋಯಿತು. ಇಳಿಸುವಾಗ ಕಪ್ ಕೈ ತಪ್ಪಿ ನೆಲಕ್ಕೆ ಬಿದ್ದು ಚೂರಾಯಿತು.

"ನಾಳೆ ಮಗು ಎತ್ಕೊಳ್ಳೋದೂ ಇದೇ ಕೈಲಾ?" ಎಂದ ಅಣ್ಣ.

ಅವನ ಮುಖ ಬಿಳಿಚಿತು. ಕ್ಷಮೆ ಕೇಳಿ ಎದ್ದ. ನಾನು ಅವನಿಗೆ ಅಡ್ಡ ನಿಂತು ಅಣ್ಣನ ಕಡೆ ತಿರುಗಿದೆ.

"ಇಷ್ಟು ವರ್ಷ ಅಂಗಡೀಲಿ ಕೂತು ಹೇಳ್ತಾನೇ ಇದೀನಿ. ಒಂದ್ರ ಮೇಲೊಂದು ಪೇರಿಸ್ಬೇಡಿ, ತಣ್ಣಗಿರೋದಕ್ಕೆ ಕುದಿಯೋ ನೀರು ಸುರೀಬೇಡಿ ಅಂತ. ಬಳಸ್ಲೇಬೇಡಿ ಅಂತ ಯಾರಿಗೂ ಹೇಳಿಲ್ಲ. ಇವ್ರು ಮಗೂನ ಕೂತ್ಕೊಂಡು ಎತ್ಕೋತಾರೆ. ಪಕ್ಕದಲ್ಲಿ ನಾನಿರಲ್ವಾ?"

ಇವನನ್ನು ಕಟ್ಟಿಕೊಂಡರೆ ಈ ಮನೆಯ ಬಾಗಿಲು ಮುಚ್ಚಿತು ಎಂದ ಅಣ್ಣ. ಮುಚ್ಚಲಿ ಎಂದೆ. ಬಾಯಲ್ಲೇನೋ ಅಂದುಬಿಟ್ಟೆ. ಇಷ್ಟಾದ ಮೇಲೂ ಇವನು ಹೊರಟೇಬಿಟ್ಟರೆ?

ಅವನು ಹೊರಡಲಿಲ್ಲ. ಮತ್ತೆ ಕುರ್ಚಿ ಎಳೆದು ಕೂತ.

"ಇನ್ನೊಂದು ಕಪ್ ಕೊಡ್ತೀಯಾ? ಅಂಥದ್ದೇ, ತೆಳ್ಳಗಿನದು," ಎಂದ. ಅವನು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಅದೂ ಒಡೆದರೆ ಎಂದು ಅಣ್ಣ ಗೊಣಗಿದ.

"ಮತ್ತೊಂದು ಕೇಳ್ತೀನಿ. ಮದುವೆಗೆ ಮಾತ್ರ ನಿಮ್ಮನ್ನ ಕೇಳಲ್ಲ. ಅವಳನ್ನ ಕೇಳ್ತೀನಿ."

ನನ್ನ ಕಡೆ ತಿರುಗಿ, ಎಲ್ಲರ ಎದುರೇ ಕೈ ಚಾಚಿದ. ಹಿಡಿದುಕೊಂಡೆ. ಅವನ ನಡುಕ ನನ್ನ ಮೊಣಕೈವರೆಗೂ ಹತ್ತಿತು. ನಾನು ಬಿಡಲಿಲ್ಲ.